0.2 ಸೆಕೆಂಡಿನ ಅಂತರ: ಹೊಸಕೋಟೆಯ ಎರಡು ಕಾರು, ಹೊಳಲಿನ ಒಂದು ರಸ್ತೆ

ನಿಂತ ಸ್ಥಳದಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಒಂದು ಕಾರಿಗೆ 4.9 ಸೆಕೆಂಡು ಬೇಕು. ಅದರ ಒಡಹುಟ್ಟಿನಂತಿರುವ ಇನ್ನೊಂದು ಕಾರಿಗೆ 4.7 ಸೆಕೆಂಡು ಸಾಕು. ಎರಡಕ್ಕೂ ಇರುವ ಶಕ್ತಿ ಒಂದೇ, ಎರಡನ್ನೂ ಜೋಡಿಸಿದ್ದು ಬೆಂಗಳೂರಿನ ಮಗ್ಗುಲಲ್ಲಿರುವ ಹೊಸಕೋಟೆಯಲ್ಲಿ. ಹಾಗಿದ್ದರೆ ಈ 0.2 ಸೆಕೆಂಡು ಎಲ್ಲಿಂದ ಬಂತು? ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಹಬ್ಬಕ್ಕೆಂದು ರಾಜಧಾನಿಯಿಂದ ಊರಿಗೆ ಹೊರಟ ಕುಟುಂಬಕ್ಕೆ, ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂಥ ಊರಿನ ರಸ್ತೆಯಲ್ಲಿ, ಈ 0.2 ಸೆಕೆಂಡು ಏನನ್ನು ಕೊಡುತ್ತದೆ?

ದುಬಾರಿ ಕಾರುಗಳ ಜಾಹೀರಾತಿನಲ್ಲಿ ಬೆಲೆಯ ನಂತರ ಎದ್ದು ಕಾಣುವ ಸಂಖ್ಯೆ ಎಂದರೆ ‘ಸೊನ್ನೆಯಿಂದ ನೂರು’. ಒಂದೇ ದರ್ಜೆಯ ಎರಡು ಕಾರುಗಳ ನಡುವೆ ಆಯ್ಕೆ ಮಾಡುವವರು ಹಲವು ಬಾರಿ ಈ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಅದರ ಹಿಂದಿರುವ ಲೆಕ್ಕ ಶಾಲೆಯ ಭೌತಶಾಸ್ತ್ರದ ಮಟ್ಟವನ್ನು ಮೀರಿದ್ದಲ್ಲ. ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ ಸಂಖ್ಯೆಯ ನಿಜವಾದ ತೂಕ ತಿಳಿಯುತ್ತದೆ.

ಹೊಸಕೋಟೆಯ ಅವಳಿಗಳು

ಕರ್ನಾಟಕದಲ್ಲಿ ‘ವೋಲ್ವೊ’ ಎಂದರೆ ಇಂದಿಗೂ ಮೊದಲು ನೆನಪಾಗುವುದು ಬಸ್ಸು. ಹೊಸಕೋಟೆಯಲ್ಲಿ ವೋಲ್ವೊ ಟ್ರಕ್ಕುಗಳ ತಯಾರಿಕೆ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು. ಬಸ್ಸುಗಳು ನಂತರ ಬಂದವು. ಕಾರು ತಯಾರಿಸುವ ವೋಲ್ವೊ ಮಾತ್ರ ಬೇರೆಯೇ ಸಂಸ್ಥೆ. ಅದು 1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಪಾಲಾಯಿತು, 2010ರಲ್ಲಿ ಚೀನಾದ ಗೀಲಿ ಕಂಪನಿಯ ಕೈಸೇರಿತು. ಈ ಕಾರು ಕಂಪನಿಯೂ 2017ರಲ್ಲಿ ಹೊಸಕೋಟೆಯಲ್ಲೇ ತನ್ನ ವಾಹನಗಳ ಜೋಡಣೆಯನ್ನು ಆರಂಭಿಸಿತು.

ಅಲ್ಲಿ ಜೋಡಣೆಗೊಂಡು 2022ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ಕಾರು ಎಕ್ಸ್‌ಸಿ40 ರೀಚಾರ್ಜ್. ಬಿಡುಗಡೆಯ ದಿನ ಅದರ ಷೋರೂಂ ಬೆಲೆ 55.90 ಲಕ್ಷ ರೂಪಾಯಿ. 2023ರ ಸೆಪ್ಟೆಂಬರಿನಲ್ಲಿ ಅದೇ ತಳಹದಿಯ ಮೇಲೆ ನಿರ್ಮಿಸಿದ ಸಿ40 ರೀಚಾರ್ಜ್ ಬಂತು. ಅದರ ಆರಂಭಿಕ ಬೆಲೆ 61.25 ಲಕ್ಷ ರೂಪಾಯಿ. 2024ರಲ್ಲಿ ಕಂಪನಿಯು ಇವೆರಡಕ್ಕೂ ಕ್ರಮವಾಗಿ ಇಎಕ್ಸ್40 ಮತ್ತು ಇಸಿ40 ಎಂದು ಹೊಸ ಹೆಸರಿಟ್ಟಿತು.

ಎರಡು ಮೋಟಾರುಗಳ ಮಾದರಿಯಲ್ಲಿ ಎರಡೂ ಕಾರುಗಳ ಗರಿಷ್ಠ ಶಕ್ತಿ 408 ಅಶ್ವಶಕ್ತಿ, ಅಂದರೆ ಸುಮಾರು 300 ಕಿಲೋವಾಟ್. ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, 660 ನ್ಯೂಟನ್ ಮೀಟರ್. ಬ್ಯಾಟರಿಯ ಸಾಮರ್ಥ್ಯ 78 ಕಿಲೋವಾಟ್ ಗಂಟೆ. ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದು, ಗರಿಷ್ಠ ವೇಗವನ್ನು ಗಂಟೆಗೆ 180 ಕಿ.ಮೀ.ಗೆ ಕಟ್ಟಿಹಾಕಲಾಗಿದೆ. ಉದ್ದ ಸುಮಾರು 4.4 ಮೀಟರ್, ತೂಕ ಎರಡು ಟನ್ನಿಗೂ ಮಿಗಿಲು. ಹೊರನೋಟಕ್ಕೆ ಕಾಣುವ ದೊಡ್ಡ ಭೇದವೆಂದರೆ ಛಾವಣಿ: ಎಕ್ಸ್‌ಸಿ40ರದ್ದು ಹಿಂದಿನ ತನಕ ನೇರವಾಗಿ ಸಾಗುತ್ತದೆ, ಸಿ40ರದ್ದು ಹಿಂಬದಿಗೆ ಇಳಿಜಾರಾಗುತ್ತದೆ. ಕಂಪನಿ ಪ್ರಕಟಿಸಿದ ‘ಸೊನ್ನೆಯಿಂದ ನೂರು’ ಅವಧಿ ಮೊದಲನೆಯದಕ್ಕೆ 4.9 ಸೆಕೆಂಡು, ಎರಡನೆಯದಕ್ಕೆ 4.7 ಸೆಕೆಂಡು.

ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದಾಗ ಗಂಟೆಗೆ ನೂರು ಕಿ.ಮೀ. ವೇಗ ಅದರ ಎಟುಕಿಗೆ ಮೀರಿದ್ದಾಗಿತ್ತು. ಎರಡು ದಶಕಗಳ ನಂತರ ಅದೇ ನಗರದ ಅಂಚಿನಿಂದ ಹೊರಬಂದ ವಿದ್ಯುತ್ ಕಾರು ಐದು ಸೆಕೆಂಡಿನೊಳಗೆ ಆ ವೇಗವನ್ನು ದಾಟುತ್ತದೆ. ತಂತ್ರಜ್ಞಾನದ ಈ ನೆಗೆತ ನಿಜವಾಗಿಯೂ ದೊಡ್ಡದು. ಅವಳಿಗಳ ನಡುವಣ ಅಂತರ ಮಾತ್ರ ಹಾಗಲ್ಲ.

ವೇಗೋತ್ಕರ್ಷದ ಲೆಕ್ಕ

ವೇಗ ಎಷ್ಟು ಬೇಗ ಹೆಚ್ಚುತ್ತದೆ ಎಂಬುದೇ ವೇಗೋತ್ಕರ್ಷ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಅದನ್ನು 4.9ರಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5.67 ಮೀಟರ್. 4.7ರಿಂದ ಭಾಗಿಸಿದರೆ 5.91 ಮೀಟರ್. ಮೇಲಿನಿಂದ ಬಿಟ್ಟ ಕಲ್ಲಿನ ವೇಗ ಹೆಚ್ಚುವ ದರದೊಂದಿಗೆ ಹೋಲಿಸಿದರೆ ಮೊದಲನೆಯದು ಅದರ ಶೇ 58ರಷ್ಟು, ಎರಡನೆಯದು ಶೇ 60ರಷ್ಟು. ಬೆನ್ನು ಆಸನಕ್ಕೆ ಒತ್ತಿಕೊಳ್ಳುವ ಅನುಭವ ಎರಡರಲ್ಲೂ ಇರುತ್ತದೆ. ಕಣ್ಣು ಕಟ್ಟಿ ಕೂರಿಸಿದರೆ ಯಾವುದು ಯಾವ ಕಾರು ಎಂದು ಹೇಳುವುದು ಕಷ್ಟ.

ಎರಡೂ ಕಾರುಗಳು ಅಕ್ಕಪಕ್ಕ ನಿಂತು ಒಂದೇ ಕ್ಷಣಕ್ಕೆ ಹೊರಟವು ಎನ್ನೋಣ. ವೇಗ ಒಂದೇ ಸಮನೆ ಏರುತ್ತದೆಂದು ಭಾವಿಸಿದರೆ, ಸಿ40 ನೂರರ ಗುರಿ ಮುಟ್ಟುವ ಹೊತ್ತಿಗೆ 65 ಮೀಟರ್ ಸಾಗಿರುತ್ತದೆ. ಆಗ ಎಕ್ಸ್‌ಸಿ40ರ ವೇಗ ಗಂಟೆಗೆ 96 ಕಿ.ಮೀ. ಇರುತ್ತದೆ ಮತ್ತು ಅದು 2.7 ಮೀಟರ್ ಹಿಂದಿರುತ್ತದೆ. ಅಂದರೆ ಒಂದು ಕಾರಿನ ಉದ್ದದಷ್ಟು ಅಂತರವೂ ಇಲ್ಲ. ಸಿಗ್ನಲ್ ದೀಪ ಹಸಿರಾದಾಗ ಕಾಲು ಕದಲಿಸಲು ಒಬ್ಬ ಚಾಲಕನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸವೇ ಈ ಅಂತರವನ್ನು ಅಳಿಸಿಹಾಕಬಲ್ಲದು.

ಅಳತೆಯೊಳಗಿನ ಸಡಿಲ

ಈ ಸಂಖ್ಯೆಯನ್ನು ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ ಎಂಬುದು ಗಮನಿಸಬೇಕಾದ ಅಂಶ. ಅಮೆರಿಕದ ಹಲವು ಪತ್ರಿಕೆಗಳು ಕಾರು ಮೊದಲ ಒಂದು ಅಡಿ ಚಲಿಸಿದ ನಂತರವೇ ಗಡಿಯಾರವನ್ನು ಆರಂಭಿಸುತ್ತವೆ. ಡ್ರ್ಯಾಗ್ ರೇಸ್ ಪಂದ್ಯಗಳಿಂದ ಬಂದ ಪದ್ಧತಿಯಿದು. ಈ ಒಂದು ಅಡಿಯಲ್ಲೇ 0.2ರಿಂದ 0.3 ಸೆಕೆಂಡು ಉಳಿತಾಯವಾಗುತ್ತದೆ. ಅಲ್ಲಿನವರ ಗುರಿಯೂ ಬೇರೆ: ಗಂಟೆಗೆ 60 ಮೈಲಿ, ಅಂದರೆ 96.6 ಕಿ.ಮೀ. ಇಷ್ಟು ವೇಗವುಳ್ಳ ಕಾರಿಗೆ ಉಳಿದ 3.4 ಕಿ.ಮೀ. ಏರಲು ಇನ್ನೂ ಸುಮಾರು 0.17 ಸೆಕೆಂಡು ಬೇಕು. ಒಂದು ದೇಶದ ವರದಿಯನ್ನು ಇನ್ನೊಂದು ದೇಶದ ವರದಿಯೊಡನೆ ಹೋಲಿಸಿದರೆ ಅವಳಿಗಳ ನಡುವಣ ಅಂತರಕ್ಕಿಂತ ದೊಡ್ಡ ಅಂತರ ಬರೀ ಅಳತೆಯಿಂದಲೇ ಹುಟ್ಟುತ್ತದೆ.

ತೂಕದ ಲೆಕ್ಕವೂ ಇಂಥದ್ದೇ. 4.7 ಮತ್ತು 4.9ರ ನಡುವೆ ಇರುವುದು ಸುಮಾರು ಶೇ 4ರ ವ್ಯತ್ಯಾಸ. ಎರಡು ಟನ್ ಮೀರಿದ ಕಾರಿನಲ್ಲಿ ಶೇ 4 ಎಂದರೆ ಸುಮಾರು 90 ಕಿಲೋ. ಒಬ್ಬ ಪ್ರಯಾಣಿಕ ಮತ್ತು ಅವನ ಸಾಮಾನು ಅಷ್ಟಾಗುತ್ತದೆ. ಚಾಲಕನೊಬ್ಬನೇ ಕುಳಿತ ಎಕ್ಸ್‌ಸಿ40 ಮತ್ತು ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕುಳಿತ ಸಿ40 ಹೆಚ್ಚುಕಡಿಮೆ ಸರಿಸಮ. ಇಡೀ ಸಂಸಾರ ಹತ್ತಿ, ಹಿಂಬದಿಯಲ್ಲಿ ಹಬ್ಬದ ಗಂಟುಮೂಟೆ ತುಂಬಿದರೆ ಜಾಹೀರಾತಿನ ಸಂಖ್ಯೆ ಎರಡೂ ಕಾರುಗಳ ಕೈತಪ್ಪುತ್ತದೆ.

ಬ್ಯಾಟರಿಯ ಸ್ಥಿತಿಯೂ ಗಣನೆಗೆ ಬರುತ್ತದೆ. ಚಾರ್ಜ್ ತೀರಾ ಇಳಿದಾಗ, ಇಲ್ಲವೇ ಬ್ಯಾಟರಿ ಅತಿಯಾಗಿ ಕಾದಾಗ ಅಥವಾ ತಣ್ಣಗಾದಾಗ, ಅದನ್ನು ಕಾಪಾಡುವ ಸಲುವಾಗಿ ನಿಯಂತ್ರಣ ವ್ಯವಸ್ಥೆಯು ಮೋಟಾರಿಗೆ ಕೊಡುವ ಶಕ್ತಿಯನ್ನು ತಗ್ಗಿಸುತ್ತದೆ. ಟೈರಿನ ಸವೆತ, ಗಾಳಿಯ ಒತ್ತಡ, ರಸ್ತೆಯ ಮೇಲಿನ ಮರಳು, ಸಣ್ಣ ಏರು ಇವುಗಳಲ್ಲಿ ಯಾವುದೊಂದಾದರೂ 0.2 ಸೆಕೆಂಡನ್ನು ನುಂಗಬಹುದು.

ಶಕ್ತಿ ಒಂದೇ ಇದ್ದರೂ ಅವಧಿ ಬೇರೆ ಏಕೆ?

ಪೆಟ್ರೋಲ್ ಎಂಜಿನ್ನು ತನ್ನ ಪೂರ್ಣ ಬಲ ತೋರಿಸಲು ತಿರುಗುವಿಕೆಯ ವೇಗ ಏರಬೇಕು, ನಡುವೆ ಗೇರು ಬದಲಾಗಬೇಕು. ವಿದ್ಯುತ್ ಮೋಟಾರಿಗೆ ಈ ಕಾಯುವಿಕೆಯಿಲ್ಲ. ನಿಂತಲ್ಲಿಂದಲೇ ಅದು ಪೂರ್ಣ ಟಾರ್ಕ್ ಕೊಡುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿ ಎಂಜಿನ್ನಿಗೆ ಉಸಿರು ಕಡಿಮೆಯಾಗುವ ಸಮಸ್ಯೆಯೂ ಮೋಟಾರಿಗಿಲ್ಲ.

ಆದರೂ ಶಕ್ತಿಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಚಾಲಕನೂ ಸೇರಿ 2,200 ಕಿಲೋ ತೂಗುವ ಕಾರನ್ನು ನೂರರ ವೇಗಕ್ಕೆ ತರಲು ಬೇಕಾಗುವ ಚಲನಶಕ್ತಿ, ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ, ಕಾಲು ಯೂನಿಟ್ಟಿಗೂ ಕಡಿಮೆ. ಮೊದಲ ಕ್ಷಣದಿಂದಲೇ 300 ಕಿಲೋವಾಟ್ ಪೂರ್ತಿಯಾಗಿ ನೆಲಕ್ಕೆ ಇಳಿಯುವಂತಿದ್ದರೆ 2.8 ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕಿತ್ತು. ಹಾಗಾಗುವುದಿಲ್ಲ. ಆರಂಭದಲ್ಲಿ ತಳ್ಳುಬಲಕ್ಕೆ ಮೋಟಾರಿನ ಟಾರ್ಕ್ ಒಂದು ಮಿತಿ, ಟೈರಿಗೂ ನೆಲಕ್ಕೂ ಇರುವ ಹಿಡಿತ ಇನ್ನೊಂದು ಮಿತಿ. ಚಕ್ರ ಜಾರದಂತೆ ಬಲವನ್ನು ಹದವಾಗಿ ಬಿಡುವ ಕೆಲಸ ತಂತ್ರಾಂಶದ್ದು. ಒಂದೇ ಶಕ್ತಿಯ ಎರಡು ಕಾರುಗಳು ಬೇರೆಯಾಗುವುದು ಇಂಥ ಕಡೆಗಳಲ್ಲಿ: ತೂಕ, ಟೈರು, ಮುಂದಿನ ಮತ್ತು ಹಿಂದಿನ ಮೋಟಾರುಗಳ ನಡುವೆ ಬಲದ ಹಂಚಿಕೆ, ತಂತ್ರಾಂಶದ ಹೊಂದಾಣಿಕೆ.

ಇಳಿಜಾರು ಛಾವಣಿಯೇ ಸಿ40ರ ಗೆಲುವಿಗೆ ಕಾರಣ ಎಂಬ ಊಹೆ ಸಹಜ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಇಂಥ ಕಾರಿಗೆ ಗಾಳಿ ಒಡ್ಡುವ ತಡೆ, ಕಾರನ್ನು ಮುಂದಕ್ಕೆ ತಳ್ಳುವ ಸರಾಸರಿ ಬಲದ ಸುಮಾರು ಶೇ 3 ಮಾತ್ರ. ಅದಕ್ಕಿಂತ ಕಡಿಮೆ ವೇಗದಲ್ಲಿ ಇನ್ನೂ ಕಡಿಮೆ. ಛಾವಣಿಯ ಆಕಾರದಿಂದ ಆ ಶೇ 3ರಲ್ಲೊಂದು ಚೂರು ಉಳಿಯಬಹುದಷ್ಟೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಾಗುವಾಗ ಚಾರ್ಜ್ ಉಳಿಸಲು ಅದು ನೆರವಾಗುತ್ತದೆ. ಐದು ಸೆಕೆಂಡಿನ ಓಟಕ್ಕೆ ಅದರ ಕೊಡುಗೆ ಅತ್ಯಲ್ಪ.

ಹೊಳಲಿನ ರಸ್ತೆಯಲ್ಲಿ

ಬೆಂಗಳೂರಿನಿಂದ ಹೊರಟ ಕಾರಿಗೆ ತುಮಕೂರು, ಚಿತ್ರದುರ್ಗ, ದಾವಣಗೆರೆಯವರೆಗೆ ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ಹರಪನಹಳ್ಳಿ, ಹೂವಿನಹಡಗಲಿಯ ಕಡೆ ತಿರುಗಿ ತುಂಗಭದ್ರಾ ತೀರದ ಸೀಮೆಗೆ ಇಳಿದಂತೆ ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಹೋಗುವವರಿಗೂ ಬರುವವರಿಗೂ ನಡುವೆ ವಿಭಜಕವಿಲ್ಲ. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರು, ಕುರಿಯ ಹಿಂಡು, ಬೈಕಿನಲ್ಲಿ ಮೂವರು, ಒಕ್ಕಲು ಕಾಲದಲ್ಲಿ ಡಾಂಬರಿನ ಮೇಲೆ ಒಣಹಾಕಿದ ಕಾಳು. ಭರತ ಹುಣ್ಣಿಮೆಯ ಸುಮಾರಿಗೆ ಇದೇ ತಾಲ್ಲೂಕಿನ ಮೈಲಾರದ ಜಾತ್ರೆಗೆ ಎತ್ತಿನ ಬಂಡಿಗಳ ಸಾಲು. ಕಾರಿನ ವೇಗೋತ್ಕರ್ಷ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಇಂಥಲ್ಲಿ, ಮುಂದಿನ ವಾಹನವನ್ನು ಹಿಂದೆ ಹಾಕುವ ಹೊತ್ತಿನಲ್ಲಿ.

ಕಾನೂನಿನ ಮಾತು ಮೊದಲು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ಗರಿಷ್ಠ ವೇಗಮಿತಿ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗಂಟೆಗೆ 120 ಕಿ.ಮೀ., ವಿಭಜಕವುಳ್ಳ ನಾಲ್ಕು ಪಥದ ರಸ್ತೆಯಲ್ಲಿ 100 ಕಿ.ಮೀ., ಉಳಿದ ರಸ್ತೆಗಳಲ್ಲಿ 70 ಕಿ.ಮೀ. ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿಯನ್ನೂ ವಿಧಿಸಬಹುದು. ಅಂದರೆ ಹಡಗಲಿ ಸೀಮೆಯ ಎರಡು ಪಥದ ರಸ್ತೆಯಲ್ಲಿ ‘ಸೊನ್ನೆಯಿಂದ ನೂರು’ ಓಟವನ್ನು ಕಾನೂನುಬದ್ಧವಾಗಿ ಪೂರ್ತಿಗೊಳಿಸುವುದೇ ಸಾಧ್ಯವಿಲ್ಲ.

ಈಗ ಒಂದು ಲೆಕ್ಕ. ಹತ್ತು ಮೀಟರ್ ಉದ್ದದ ಲಾರಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಹದಿನೈದು ಮೀಟರ್ ಹಿಂದೆ ಅದೇ ವೇಗದಲ್ಲಿ ಬರುತ್ತಿರುವ ಕಾರು 70ಕ್ಕೆ ಏರಿ, ಲಾರಿಯನ್ನು ದಾಟಿ, ಹದಿನೈದು ಮೀಟರ್ ಮುಂದೆ ತನ್ನ ಪಥಕ್ಕೆ ಮರಳಬೇಕು. ಎದುರಿನಿಂದ ಇನ್ನೊಂದು ವಾಹನ 70ರ ವೇಗದಲ್ಲಿ ಬರುತ್ತಿದೆ. ಪ್ರಕಟಿತ ಅವಧಿಗಳಿಂದ ಸಿಗುವ ಸರಾಸರಿ ವೇಗೋತ್ಕರ್ಷವನ್ನೇ ಹಿಡಿದರೆ, ಎಕ್ಸ್‌ಸಿ40ಕ್ಕೆ 6.06 ಸೆಕೆಂಡು ಬೇಕು, ಸಿ40ಕ್ಕೆ 6.03 ಸೆಕೆಂಡು. ಜಾಹೀರಾತಿನ 0.2 ಸೆಕೆಂಡು ಇಲ್ಲಿ 0.03ಕ್ಕೆ ಇಳಿಯಿತು. ದಾಟುವ ಮುನ್ನ ಖಾಲಿ ಇರಬೇಕಾದ ರಸ್ತೆ ಎರಡಕ್ಕೂ ಸುಮಾರು 230 ಮೀಟರ್. ಅವಳಿಗಳ ನಡುವಣ ವ್ಯತ್ಯಾಸ ಒಂದು ಮೀಟರಿಗೂ ಕಡಿಮೆ, ಎರಡು ಮೊಳ.

ಇದೇ ಎಕ್ಸ್‌ಸಿ40ರ ಒಂದೇ ಮೋಟಾರಿನ ಮಾದರಿ 2024ರ ಮಾರ್ಚ್‌ನಲ್ಲಿ 54.95 ಲಕ್ಷ ರೂಪಾಯಿಗೆ ಬಂತು. ಅದರ ಶಕ್ತಿ 238 ಅಶ್ವಶಕ್ತಿ, ನೂರು ಮುಟ್ಟುವ ಅವಧಿ 7.3 ಸೆಕೆಂಡು. ಕಾಗದದ ಮೇಲೆ ಅದು ತುಂಬ ನಿಧಾನ. ಲಾರಿ ದಾಟುವ ಲೆಕ್ಕದಲ್ಲಿ ಅದಕ್ಕೆ 6.4 ಸೆಕೆಂಡು ಮತ್ತು 240 ಮೀಟರ್ ಸಾಕು. ನೂರು ಮುಟ್ಟಲು 14 ಸೆಕೆಂಡು ತೆಗೆದುಕೊಳ್ಳುವ ಸಾಮಾನ್ಯ ಸಣ್ಣ ಕಾರಿಗೆ, ಉದ್ದದ ವ್ಯತ್ಯಾಸವನ್ನು ಬಿಟ್ಟರೆ, 7.4 ಸೆಕೆಂಡು ಮತ್ತು ಸುಮಾರು 270 ಮೀಟರ್ ಬೇಕು. ಸಣ್ಣ ಕಾರಿಗೂ ದುಬಾರಿ ಕಾರಿಗೂ ನಡುವೆ 40 ಮೀಟರುಗಳ ಭೇದವಿದೆ, ಅದು ಉಪೇಕ್ಷಿಸುವಂಥದ್ದಲ್ಲ. ಆದರೆ ದಾಟುವುದೋ ಬೇಡವೋ ಎಂದು ಚಾಲಕ ಒಂದೇ ಒಂದು ಸೆಕೆಂಡು ಅನುಮಾನಿಸಿದರೆ ಎರಡು ವಾಹನಗಳ ನಡುವಿನ ರಸ್ತೆ 30 ಮೀಟರ್ ಕರಗಿಹೋಗುತ್ತದೆ. ಕೋಟಿ ರೂಪಾಯಿಯ ಕಾರಾದರೂ ತಿರುವಿನ ಆಚೆ ಏನಿದೆ ಎಂಬುದನ್ನು ಕಾಣಿಸದು.

ನಿಲ್ಲುವ ಲೆಕ್ಕ

ವೇಗ ಪಡೆಯುವ ಅವಧಿಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವವರು ನಿಲ್ಲುವ ದೂರವನ್ನು ಅಷ್ಟು ದೊಡ್ಡದಾಗಿ ಮುದ್ರಿಸುವುದು ಅಪರೂಪ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿಯುತ್ತದೆ ಎನ್ನೋಣ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ, 70ರ ವೇಗದಲ್ಲಿ, ಕಾರು ಪೂರ್ತಿ ನಿಲ್ಲುವ ಹೊತ್ತಿಗೆ ಸುಮಾರು 44 ಮೀಟರ್ ಸಾಗಿರುತ್ತದೆ. 100ರ ವೇಗದಲ್ಲಿ ಅದು 77 ಮೀಟರ್. ವೇಗ ಹೆಚ್ಚಿದ್ದು ಅರ್ಧದಷ್ಟೂ ಅಲ್ಲ, ಆದರೆ ಬ್ರೇಕು ಕರಗಿಸಬೇಕಾದ ಚಲನಶಕ್ತಿ ಇಮ್ಮಡಿಯಾಗಿದೆ. ರಸ್ತೆಯ ಮೇಲೆ ಹರಡಿದ ಕಾಳಿನಿಂದಲೋ ಮಣ್ಣಿನಿಂದಲೋ ಟೈರಿನ ಹಿಡಿತ ಅರ್ಧಕ್ಕೆ ಇಳಿದರೆ 70ರ ವೇಗದಲ್ಲೂ ನಿಲ್ಲಲು ಸುಮಾರು 68 ಮೀಟರ್ ಬೇಕು. ಸಂಜೆಗತ್ತಲಲ್ಲಿ, ಹಿಂಬದಿಗೆ ಪ್ರತಿಫಲಕವಿಲ್ಲದ ಬಂಡಿ ಅಷ್ಟು ದೂರದಿಂದ ಕಾಣಿಸುತ್ತದೆಯೇ ಎಂಬುದೇ ಪ್ರಶ್ನೆ.

ಇದು ಬರೀ ಊಹೆಯ ಭಯವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ಸಾವುಗಳಲ್ಲಿ ಸುಮಾರು ಶೇ 71ಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಅನುಭವವೂ ಇದನ್ನೇ ಹೇಳುತ್ತದೆ. ಅಪಘಾತಗಳು ಹೆಚ್ಚಿದ ಮೇಲೆ ಪೊಲೀಸರು ವೇಗ ಅಳೆಯುವ ಉಪಕರಣಗಳನ್ನು ಹಿಡಿದು ನಿಂತರು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥವನ್ನು ನಿಷೇಧಿಸಲಾಯಿತು. ವೇಗದ ವಾಹನ ಮತ್ತು ನಿಧಾನದ ವಾಹನ ಒಂದೇ ಪಥದಲ್ಲಿ ಇರುವುದೇ ಅಪಾಯ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿತ್ತು. ಹೊಳಲಿನ ರಸ್ತೆಯಲ್ಲಿ ಟ್ರ್ಯಾಕ್ಟರನ್ನು ನಿಷೇಧಿಸಲಾಗದು. ಹೊಲದಿಂದ ಮನೆಗೆ, ಮನೆಯಿಂದ ಮಾರುಕಟ್ಟೆಗೆ ರೈತನಿಗಿರುವ ದಾರಿ ಅದೊಂದೇ. ಅಲ್ಲಿ ಹೊಂದಿಕೊಳ್ಳಬೇಕಾದವನು ಕಾರಿನವನು.

ಕೊಳ್ಳುವವರು ಕೇಳಬೇಕಾದದ್ದು

ಹಾಗೆಂದು ವೇಗೋತ್ಕರ್ಷ ನಿರರ್ಥಕ ಎಂದಲ್ಲ. ಹೆದ್ದಾರಿಗೆ ಸೇರುವಾಗ, ನಿಧಾನದ ವಾಹನವನ್ನು ದಾಟುವಾಗ ಸಾಕಷ್ಟು ಶಕ್ತಿಯಿರುವ ಕಾರು ನೆಮ್ಮದಿ ಕೊಡುತ್ತದೆ. ಆದರೆ ಐದು ಸೆಕೆಂಡಿನ ಆಸುಪಾಸಿನ ಎರಡು ಕಾರುಗಳ ನಡುವೆ 0.2 ಸೆಕೆಂಡನ್ನು ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಹಿಂದಿನ ಆಸನದಲ್ಲಿ ತಲೆಗೆ ಎಷ್ಟು ಜಾಗವಿದೆ, ಹಿಂಗಿಟಕಿಯಿಂದ ಎಷ್ಟು ಕಾಣುತ್ತದೆ, ಕುಟುಂಬದೊಡನೆ ಹೊರಟಾಗ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ, ಊರಿನ ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ ಎಲ್ಲಿದೆ, ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ, ದೀಪದ ಬೆಳಕು ಎಷ್ಟು ದೂರ ಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ದಿನನಿತ್ಯ ಉಪಯೋಗಕ್ಕೆ ಬರುತ್ತದೆ. ಸಂಖ್ಯೆಗಳನ್ನೇ ಹೋಲಿಸಬೇಕೆಂದರೆ ಒಂದೇ ರಸ್ತೆಯಲ್ಲಿ, ಒಂದೇ ದಿನ, ಒಂದೇ ತೂಕ ಹೇರಿ ಅಳೆದ ಸಂಖ್ಯೆಗಳನ್ನು ಹೋಲಿಸಬೇಕು. 40ರಿಂದ 70ಕ್ಕೆ, 60ರಿಂದ 100ಕ್ಕೆ ಏರುವ ಅವಧಿ ಸಿಕ್ಕರೆ ಅದು ಸೊನ್ನೆಯಿಂದ ನೂರಕ್ಕಿಂತ ಹೆಚ್ಚು ಹೇಳುತ್ತದೆ.

ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ಕಾರಿಗೆ ಅಳವಡಿಸಿದ್ದು ಇದೇ ವೋಲ್ವೊ. ತನ್ನ ಹೊಸ ಕಾರುಗಳೆಲ್ಲದರ ವೇಗವನ್ನು 180ಕ್ಕೆ ಮಿತಿಗೊಳಿಸುವುದಾಗಿ 2019ರಲ್ಲಿ ಘೋಷಿಸಿ, ಮರುವರ್ಷದಿಂದ ಜಾರಿಗೆ ತಂದದ್ದೂ ಅದೇ. ಐದು ಸೆಕೆಂಡಿನೊಳಗೆ ನೂರು ಮುಟ್ಟುವ ಕಾರನ್ನು ಮಾರಿದ್ದೂ ಅದೇ. ಒಂದು ಕಡೆ ಕಡಿವಾಣ, ಇನ್ನೊಂದು ಕಡೆ ನಾಗಾಲೋಟ. ಕಾರ್ಖಾನೆ ಎರಡನ್ನೂ ಕಟ್ಟಿಕೊಡುತ್ತದೆ, ಯಾವುದನ್ನು ಯಾವ ರಸ್ತೆಯಲ್ಲಿ ಬಳಸಬೇಕು ಎಂಬ ವಿವೇಕವನ್ನು ಕೊಡಲಾರದು.

ಹೊಳಲಿನ ದಾರಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡ ಕಾರಿನವನು ಎದುರಿನ ರಸ್ತೆ ತೆರವಾಗುವವರೆಗೆ ಒಂದೆರಡು ನಿಮಿಷ ತಾಳಿದರೆ ಮನೆ ತಲುಪುವುದು ಅಷ್ಟೇ ತಡವಾಗುತ್ತದೆ. 0.2 ಸೆಕೆಂಡಿಗೆ ಲಕ್ಷಗಟ್ಟಲೆ ಕೊಡಲು ಸಿದ್ಧರಿರುವವರು, ಖರ್ಚಿಲ್ಲದ ಆ ಎರಡು ನಿಮಿಷವನ್ನು ಕೊಡಲು ಹಿಂಜರಿಯಬೇಕಿಲ್ಲ.